ಕೂಲರ್ ತುಂಬಿದೆ ಅಂದರೆ ಟ್ಯಾಂಕರ್ ಬಂದಿಲ್ಲ ಅಂತ

(ಹಾಸನದಲ್ಲಿ ಸಣ್ಣ ಕಚೇರಿಗಳ ಸರ್ವರ್ ನೋಡಿಕೊಳ್ಳುವವರಿಗೆ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಮನೆಯಲ್ಲಿ ಹಸು ಇರುವವರು ಎಷ್ಟು ಜನ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಹಾಗಾದರೆ ಇವತ್ತಿನ ವಿಷಯದ ಅರ್ಧ ಭಾಗ ನಿಮಗೆ ಆಗಲೇ ಗೊತ್ತಿದೆ.

ಬೆಳಿಗ್ಗೆ ಆರು ಗಂಟೆಗೆ ಊರಿನ ಡೇರಿ ಮುಂದೆ ಏನು ನಡೆಯುತ್ತದೆ ನೆನಪು ಮಾಡಿಕೊಳ್ಳಿ. ಒಬ್ಬರು ಎರಡು ಲೀಟರ್ ಹಿಡಿದುಕೊಂಡು ನಡೆದು ಬರುತ್ತಾರೆ. ಇನ್ನೊಬ್ಬರು ಬೈಕಿಗೆ ಎರಡು ಕ್ಯಾನ್ ಕಟ್ಟಿಕೊಂಡು ಬರುತ್ತಾರೆ. ಮತ್ತೊಬ್ಬರ ಮನೆಯಲ್ಲಿ ಅವತ್ತು ಹಾಲು ಕರೆಯುವುದೇ ತಡವಾಗಿರುತ್ತದೆ. ಪ್ರತಿಯೊಬ್ಬರ ಮನೆ ಬಾಗಿಲಲ್ಲೂ ಟ್ಯಾಂಕರ್ ನಿಲ್ಲಿಸಿಕೊಂಡು ಕಾಯಲು ಆಗುತ್ತದಾ? ಆಗಲ್ಲ. ಅದಕ್ಕೇ ಈಗ ತುಂಬ ಊರುಗಳಲ್ಲಿ ದೊಡ್ಡ ಸ್ಟೀಲ್ ಕೂಲರ್ ಇಟ್ಟಿದ್ದಾರೆ. ಎಲ್ಲರೂ ಅವರವರ ಹೊತ್ತಿಗೆ ಬಂದು ಅದಕ್ಕೆ ಹಾಲು ಹಾಕುತ್ತಾರೆ. ಹಾಲು 4 ಡಿಗ್ರಿಯಲ್ಲಿ ತಣ್ಣಗಿರುತ್ತದೆ. ಟ್ಯಾಂಕರ್ ಬಂದು ಪೈಪ್ ಹಾಕಿ ಒಂದೇ ಸಲಕ್ಕೆ ಎಳೆದುಕೊಂಡು ಹೋಗುತ್ತದೆ.

ಸರ್ವರ್ ಬ್ಯಾಕಪ್‌ನಲ್ಲಿ ಆ ಕೂಲರ್ ಮಾಡುವ ಕೆಲಸವನ್ನು ಮಾಡುವ ಡಿಸ್ಕ್ ಒಂದಿದೆ. ಸರ್ವರ್‌ಗಳ ಡೇಟಾದ ಪ್ರತಿ ಕೊನೆಗೆ ಟೇಪ್‌ಗೆ ಹೋಗುವ ಮುಂಚೆ ಬಂದು ನಿಲ್ಲುವ ಜಾಗ ಅದು. ಒಂದೊಂದು ಸಾಫ್ಟ್‌ವೇರ್ ಅದಕ್ಕೆ ಒಂದೊಂದು ಹೆಸರು ಇಟ್ಟಿದೆ. ಸ್ಟೇಜಿಂಗ್ ಡಿಸ್ಕ್, ಹೋಲ್ಡಿಂಗ್ ಡಿಸ್ಕ್, ಸ್ಪೂಲ್, ಹೀಗೆ. ನಾನು ಸುಮ್ನೆ ಸ್ಟೇಜಿಂಗ್ ಅಂತಲೇ ಕರೆಯುತ್ತೇನೆ. ಇವತ್ತು ಮಾತಾಡುವುದು ಅದೊಂದರ ಬಗ್ಗೆ ಮಾತ್ರ. ಬ್ಯಾಕಪ್ ಯಾಕೆ ಬೇಕು ಅಂತ ಹೇಳುತ್ತಾ ಕೂರಲ್ಲ. ಅದು ನಿಮಗೆ ಗೊತ್ತು.

ನೇರವಾಗಿ ಟೇಪ್‌ಗೇ ಬರೆದರೆ ಏನು ತೊಂದರೆ ಅಂತ ಮೊದಲು ನೋಡೋಣ. ಟೇಪ್ ಅಂದ ತಕ್ಷಣ ಕೆಲವು ಹುಡುಗರು ನಗುತ್ತಿದ್ದೀರಿ. ಹಳೆಯ ಕಾಲದ ಕ್ಯಾಸೆಟ್ ಅಂದುಕೊಂಡಿದ್ದೀರಿ. ಬ್ಯಾಕಪ್‌ಗೆ ಬಳಸುವ ಟೇಪ್‌ಗಳಲ್ಲಿ ಎಲ್‌ಟಿಒ ಅನ್ನುವ ಒಂದು ಜಾತಿ ಇದೆ. ಅದರಲ್ಲಿ 2017ರಲ್ಲಿ ಬಂದ ಎಲ್‌ಟಿಒ-8 ಟೇಪ್ ತಗೊಳ್ಳಿ. ಅಂಗೈಯಲ್ಲಿ ಹಿಡಿಯುವ ಒಂದು ಡಬ್ಬಿ. ಒಳಗೆ ಅರ್ಧ ಇಂಚು ಅಗಲದ, 960 ಮೀಟರ್ ಉದ್ದದ ಪಟ್ಟಿ ಸುತ್ತಿರುತ್ತಾರೆ. ಕಂಪ್ರೆಸ್ ಮಾಡದೆಯೇ 12 ಟಿಬಿ ಹಿಡಿಯುತ್ತದೆ. ಸೆಕೆಂಡಿಗೆ 360 ಎಂಬಿ ಬರೆಯುತ್ತದೆ. 2021ರಲ್ಲಿ ಬಂದ ಎಲ್‌ಟಿಒ-9 18 ಟಿಬಿ ಹಿಡಿಯುತ್ತದೆ, 400 ಎಂಬಿ ವೇಗದಲ್ಲಿ ಬರೆಯುತ್ತದೆ. ಡ್ರೈವ್‌ನಿಂದ ತೆಗೆದು ಬೀರುವಿನಲ್ಲಿ ಇಟ್ಟ ಟೇಪನ್ನು, ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ಯಾವ ರ‍್ಯಾನ್ಸಮ್‌ವೇರ್ ಬಂದರೂ ಮುಟ್ಟಲು ಆಗಲ್ಲ. 2011ರ ಫೆಬ್ರವರಿಯಲ್ಲಿ ಗೂಗಲ್‌ನ ಒಂದು ಸಾಫ್ಟ್‌ವೇರ್ ದೋಷದಿಂದ ಕೆಲವು ಜಿಮೇಲ್ ಖಾತೆಗಳು ಖಾಲಿಯಾದವು. ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿದ್ದ ಪ್ರತಿಗಳಿಗೂ ಪೆಟ್ಟು ಬಿತ್ತು. ಕೊನೆಗೆ ಆ ಮೇಲ್‌ಗಳನ್ನು ವಾಪಸ್ ತಂದಿದ್ದು ಟೇಪ್‌ನಿಂದ.

ತೊಂದರೆ ಇರುವುದು ಟೇಪ್‌ನ ವೇಗದಲ್ಲೇ. ನಿಮ್ಮ ಕಚೇರಿಯ ನೆಟ್‌ವರ್ಕ್ 1 ಗಿಗಾಬಿಟ್ ಇದ್ದರೆ ಅದರಲ್ಲಿ ಹರಿಯುವುದು ಸೆಕೆಂಡಿಗೆ ಸುಮಾರು 110 ಎಂಬಿ. ಅದೂ ದಾರಿ ಪೂರ್ತಿ ಖಾಲಿ ಇದ್ದರೆ. ಲಕ್ಷಗಟ್ಟಲೆ ಸಣ್ಣ ಫೈಲ್ ಇರುವ ಹಳೆಯ ಸರ್ವರ್ ಆದರೆ ಸೆಕೆಂಡಿಗೆ 20 ಎಂಬಿ ಕೊಟ್ಟರೆ ದೊಡ್ಡದು. ಆ ಕಡೆ ಡ್ರೈವ್ 300, 400 ಕೇಳುತ್ತಿದೆ. ಈ ಕಡೆಯಿಂದ 20 ಬರುತ್ತಿದೆ.

ಡ್ರೈವ್ ತನ್ನ ವೇಗವನ್ನು ಒಂದು ಮಟ್ಟದವರೆಗೆ ತಗ್ಗಿಸಿಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಹೋಗಲು ಅದಕ್ಕೆ ಆಗಲ್ಲ. ಆಗ ಡೇಟಾ ಖಾಲಿಯಾಯಿತು ಅಂತ ನಿಲ್ಲುತ್ತದೆ. ಓಡುತ್ತಿದ್ದ ಪಟ್ಟಿ ನಿಂತಾಗ ಸ್ವಲ್ಪ ಮುಂದೆ ಹೋಗಿಬಿಟ್ಟಿರುತ್ತದೆ. ಹಿಂದಕ್ಕೆ ಸುತ್ತಬೇಕು. ಡೇಟಾ ಬಂದ ಮೇಲೆ ಮತ್ತೆ ಓಟ ಹಿಡಿದು, ನಿಂತ ಜಾಗ ಹುಡುಕಿ ಬರೆಯಬೇಕು. ಎರಡು ಕ್ಷಣಕ್ಕೆ ಮತ್ತೆ ಡೇಟಾ ಖಾಲಿ. ಮತ್ತೆ ನಿಲ್ಲು, ಮತ್ತೆ ಹಿಂದೆ. ಬೂಟು ಪಾಲಿಶ್ ಮಾಡುವವರು ಬಟ್ಟೆಯನ್ನು ಆ ಕಡೆ ಈ ಕಡೆ ಎಳೆಯುತ್ತಾರಲ್ಲ, ಹಾಗೆ. ಅದಕ್ಕೇ ಇದಕ್ಕೆ ಶೂ ಶೈನಿಂಗ್ ಅಂತಲೇ ಹೆಸರು.

ಶಿರಾಡಿ ಘಾಟಿ ನೋಡಿದ್ದೀರಲ್ಲ. ಮಂಗಳೂರು ಕಡೆಯಿಂದ ಲೋಡ್ ಹೊತ್ತುಕೊಂಡು ಬರುವ ಲಾರಿ ಒಂದೇ ಗತಿಯಲ್ಲಿ ಹತ್ತಿದರೆ ಹೇಗೋ ದೋಣಿಗಲ್ ಮುಟ್ಟುತ್ತದೆ. ಅದೇ ಲಾರಿಯನ್ನು ಏರಿನಲ್ಲಿ ಹತ್ತತ್ತು ಅಡಿಗೆ ನಿಲ್ಲಿಸಿ, ಮತ್ತೆ ಎಳೆಸಿ ನೋಡಿ. ಹೊತ್ತು ಹೋಗುವುದು ಒಂದು ಕಡೆ. ಕ್ಲಚ್ ಸುಟ್ಟ ವಾಸನೆ ಹಿಂದಿನ ಬಸ್ಸಿನವರೆಗೂ ಬರುತ್ತದೆ. ಟೇಪ್ ಡ್ರೈವ್‌ನ ಕಥೆಯೂ ಅದೇ. ಬ್ಯಾಕಪ್ ನಿಧಾನವಾಗುತ್ತದೆ. ಪಟ್ಟಿ ಸವೆಯುತ್ತದೆ. ಹೆಡ್ ಸವೆಯುತ್ತದೆ. ಸರ್ವರ್ ರೂಮಿನಲ್ಲಿ ನಿಂತು ಕಿವಿ ಕೊಟ್ಟರೆ ಗೊತ್ತಾಗುತ್ತದೆ. ಚೆನ್ನಾಗಿ ಓಡುವ ಡ್ರೈವ್ ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ. ಶೂ ಶೈನಿಂಗ್ ಆಗುವಾಗ ಗುಂಯ್, ಟಕ್, ಸರ್ರ್, ಮತ್ತೆ ಗುಂಯ್ ಅಂತ ತುಂಡು ತುಂಡಾಗಿ ಕೇಳುತ್ತದೆ. ಆ ಸದ್ದು ಕೇಳಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೇ ನಡುವೆ ಡಿಸ್ಕ್ ಇಡುವುದು. ಹತ್ತು ಸರ್ವರ್‌ಗಳು ಅವರವರ ವೇಗದಲ್ಲಿ ಒಟ್ಟಿಗೇ ಡಿಸ್ಕ್‌ಗೆ ಸುರಿಯಲಿ. ಒಂದೊಂದು ಪೂರ್ತಿಯಾದ ಹಾಗೆ ಅದನ್ನು ಡಿಸ್ಕ್‌ನಿಂದ ಟೇಪ್‌ಗೆ ಪೂರ್ತಿ ವೇಗದಲ್ಲಿ ಓಡಿಸಿದರಾಯಿತು. ಲೆಕ್ಕ ಹಾಕಿ. ಒಂದು ರಾತ್ರಿಯ ಬ್ಯಾಕಪ್ 600 ಜಿಬಿ ಅಂದುಕೊಳ್ಳಿ. ನೆಟ್‌ವರ್ಕ್‌ನಿಂದ ಸರಾಸರಿ 60 ಎಂಬಿ ಬಂದರೆ ಸಂಗ್ರಹಕ್ಕೆ ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ಅದೇ 600 ಜಿಬಿಯನ್ನು ಎಲ್‌ಟಿಒ-7 ಡ್ರೈವ್ ಸೆಕೆಂಡಿಗೆ 300 ಎಂಬಿ ವೇಗದಲ್ಲಿ ಬರೆದರೆ ಅರ್ಧ ಗಂಟೆ ಚಿಲ್ಲರೆ. ಟ್ಯಾಂಕರ್ ಬಂದು ಎಳೆದುಕೊಂಡು ಹೋದ ಹಾಗೆ.

ಈ ಉಪಾಯ ಹೊಸದಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ಅಮಾಂಡಾ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ಬರೆದರು. ಆಗಿನ ಟೇಪ್ ಹಿಡಿಯುತ್ತಿದ್ದುದು ಎರಡು ಜಿಬಿ ಆಸುಪಾಸು. ನೆಟ್‌ವರ್ಕ್ 10 ಮೆಗಾಬಿಟ್. ವಿಭಾಗದ ತುಂಬ ವರ್ಕ್‌ಸ್ಟೇಷನ್‌ಗಳು. ಒಂದೊಂದನ್ನೇ ಸಾಲಾಗಿ ಟೇಪ್‌ಗೆ ಬರೆಯುತ್ತಾ ಕೂತರೆ ಬೆಳಗಾದರೂ ಮುಗಿಯುವ ಹಾಗಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಹೋಲ್ಡಿಂಗ್ ಡಿಸ್ಕ್‌ಗೆ ತಂದುಕೊಂಡು, ಅಲ್ಲಿಂದ ಟೇಪ್‌ಗೆ ಕಳಿಸುವ ದಾರಿ ಮಾಡಿದರು. ಆ ಸಾಫ್ಟ್‌ವೇರ್ ಉಚಿತ. ಇಂದಿಗೂ ಬಳಕೆಯಲ್ಲಿದೆ. ನಾನು ಕೆಲಸ ಕಲಿತಿದ್ದೂ ಅದರಲ್ಲೇ.

ಇಲ್ಲಿ ಒಬ್ಬರು ಕೇಳಿದರು: "ಸಾರ್, ಇದು ನಮ್ಮ ಗೊರೂರು ಡ್ಯಾಮ್ ತರ ಅಲ್ವಾ? ಮಳೆ ಬಂದಾಗ ಹಿಡಿದಿಟ್ಟುಕೊಂಡು ಚಾನಲ್‌ಗೆ ಒಂದೇ ಸಮ ಬಿಡೋದು?"

ಒಳ್ಳೆಯ ಪ್ರಶ್ನೆ. ಅರ್ಧ ಹೌದು. ಇನ್ನರ್ಧದಲ್ಲೇ ಅಪಾಯ ಇರುವುದು. ಹೇಮಾವತಿ ಜಲಾಶಯ 2922 ಅಡಿ ಮುಟ್ಟಿತು, 37 ಟಿಎಂಸಿ ತುಂಬಿತು ಅಂದರೆ ನಾವು ಹೋಗಿ ಬಾಗಿನ ಬಿಡುತ್ತೇವೆ. ತುಂಬಿದರೆ ಹಬ್ಬ. ಸ್ಟೇಜಿಂಗ್ ಡಿಸ್ಕ್ ಅದಕ್ಕೆ ಪೂರ್ತಿ ಉಲ್ಟಾ. ಬೆಳಿಗ್ಗೆ ಹತ್ತು ಗಂಟೆಗೆ ನೋಡಿದಾಗ ಅದು ಖಾಲಿ ಇರಬೇಕು. ಖಾಲಿ ಇದ್ದರೆ ಮಾತ್ರ ರಾತ್ರಿಯ ಕೆಲಸ ಪೂರ್ತಿಯಾಗಿದೆ ಅಂತ. ಹೊತ್ತೇರಿದ ಮೇಲೂ ಡೇರಿಯ ಕೂಲರ್ ತುಂಬಿದೆ ಅಂದರೆ ಸೆಕ್ರೆಟರಿ ಖುಷಿ ಪಡುತ್ತಾರಾ? ಫೋನ್ ಮಾಡಿ ಟ್ಯಾಂಕರ್ ಯಾಕೆ ಬಂದಿಲ್ಲ ಅಂತ ಕೇಳುತ್ತಾರೆ.

ಇದನ್ನು ನಾನು ಓದಿ ಕಲಿತಿದ್ದಲ್ಲ. ಅದರ ಕಥೆ ಹೇಳುತ್ತೇನೆ.

2015ರ ಮೇ ತಿಂಗಳು. ಈ ಜಿಲ್ಲೆಯದೇ ಒಂದು ಕಚೇರಿ. ಹೆಸರು ಬೇಡ. ಲೆಕ್ಕಪತ್ರ, ರಸೀದಿ, ಸಂಬಳ ಎಲ್ಲ ಒಂದು ಸರ್ವರ್‌ನಲ್ಲಿ. ಅಮಾಂಡಾ ಹಾಕಿದ್ದು ನಾನೇ. ದಿನಾ ರಾತ್ರಿ ಬ್ಯಾಕಪ್, ಬೆಳಿಗ್ಗೆ ನನಗೆ ವರದಿಯ ಮೇಲ್. ಒಂದು ದಿನ ಡ್ರೈವ್ ಟೇಪನ್ನು ಒಪ್ಪಲಿಲ್ಲ. ಹೆಡ್ ತೊಳೆಯಬೇಕು ಅಂತ ದೀಪ ಹಾಕಿತ್ತು. ಕ್ಲೀನಿಂಗ್ ಕಾರ್ಟ್ರಿಜ್ ಅಂತ ಒಂದು ಇರುತ್ತದೆ. ಅದು 50 ಸಲಕ್ಕೆ ಬರುತ್ತದೆ, ಅಷ್ಟೇ. ಅಲ್ಲಿದ್ದದ್ದು ಮುಗಿದಿತ್ತು. ಹೊಸದು ಬೆಂಗಳೂರಿನಿಂದ ಬರಬೇಕು. ಆರ್ಡರ್ ಹಾಕಿಸಿದೆ.

ಅಮಾಂಡಾದ ಗುಣ ಏನು ಗೊತ್ತಾ? ಟೇಪ್ ಇಲ್ಲದಿದ್ದರೂ ಅದು ಕೈ ಚೆಲ್ಲಿ ಕೂರಲ್ಲ. ಬ್ಯಾಕಪ್ ತೆಗೆದು ಹೋಲ್ಡಿಂಗ್ ಡಿಸ್ಕ್‌ನಲ್ಲೇ ಇಟ್ಟುಕೊಳ್ಳುತ್ತದೆ. ಕೆಲವು ಡಂಪ್‌ಗಳು (ಅಂದರೆ ತೆಗೆದಿಟ್ಟ ಬ್ಯಾಕಪ್ ಫೈಲ್‌ಗಳು) ಹೋಲ್ಡಿಂಗ್ ಡಿಸ್ಕ್‌ನಲ್ಲಿ ಉಳಿದಿರಬಹುದು, ಆಮ್‌ಫ್ಲಶ್ ಓಡಿಸಿ ಟೇಪ್‌ಗೆ ಕಳಿಸಿ ಅಂತ ವರದಿಯಲ್ಲಿ ಒಂದು ಸಾಲು ಬರುತ್ತದೆ. ಆ ಸಾಲು ದಿನಾ ಬಂತು. ಮೊದಲ ದಿನ ಓದಿದೆ. ಎರಡನೇ ದಿನವೂ ಓದಿದೆ. ಮೂರನೇ ದಿನದಿಂದ "ಡಿಸ್ಕ್‌ನಲ್ಲಿ ಇದೆಯಲ್ಲ, ಕಾರ್ಟ್ರಿಜ್ ಬಂದ ಮೇಲೆ ಕಳಿಸಿದರಾಯಿತು" ಅಂತ ಮನಸ್ಸು ಹಗುರ ಮಾಡಿಕೊಂಡೆ. ಹನ್ನೊಂದು ದಿನ ಕಳೆಯಿತು.

ಡಿಸ್ಕ್ ತುಂಬುತ್ತಿದ್ದರೆ ಎಚ್ಚರಿಕೆ ಬರುತ್ತಿತ್ತು. 80 ಪರ್ಸೆಂಟ್ ದಾಟಿದರೆ ಎಸ್‌ಎಂಎಸ್ ಬರುವ ಹಾಗೆ ಮಾಡಿಟ್ಟಿದ್ದೆ. ಆದರೆ ಡಿಸ್ಕ್ ತುಂಬಲೇ ಇಲ್ಲ. ಕಾರಣ ಆಮೇಲೆ ಗೊತ್ತಾಯಿತು. ಅಮಾಂಡಾದಲ್ಲಿ ರಿಸರ್ವ್ ಅಂತ ಒಂದು ಸೆಟ್ಟಿಂಗ್ ಇದೆ. ನಾವು ಮುಟ್ಟದಿದ್ದರೆ ಅದು 100 ಇರುತ್ತದೆ. ಅಂದರೆ ಟೇಪ್ ಇಲ್ಲದ ದಿನ ಹೋಲ್ಡಿಂಗ್ ಡಿಸ್ಕ್‌ನ ಅಷ್ಟೂ ಜಾಗ, ಹಿಂದಿನ ಬ್ಯಾಕಪ್ ಆದ ಮೇಲೆ ಬದಲಾದದ್ದನ್ನು ಮಾತ್ರ ತೆಗೆಯುವ ಇನ್‌ಕ್ರಿಮೆಂಟಲ್‌ಗೆ ಮೀಸಲು. ಪೂರ್ಣ ಬ್ಯಾಕಪ್ ತೆಗೆಯುವುದೇ ಇಲ್ಲ. ಆ ಸೆಟ್ಟಿಂಗ್ ತಪ್ಪಲ್ಲ. ಇರುವ ಸ್ವಲ್ಪ ಜಾಗದಲ್ಲಿ ಜಾಸ್ತಿ ದಿನ ಎಳೆಯಲಿ ಅಂತ ಹಾಗೆ ಇಟ್ಟಿದ್ದಾರೆ. ಆದರೆ ನನ್ನ ಕಣ್ಣಿಗೆ ಕಂಡದ್ದು ಏನು? ದಿನಾ ಸಣ್ಣ ಸಣ್ಣ ಫೈಲ್, ಡಿಸ್ಕ್ 20 ಪರ್ಸೆಂಟ್ ಕೂಡ ಆಗಿಲ್ಲ, ಎಲ್ಲ ಹಸಿರು.

ಹನ್ನೊಂದನೇ ದಿನ ಸಂಜೆ ಗುಡುಗು ಸಿಡಿಲಿನ ಮಳೆ ಬಂತು. ಹಾಸನದ ಮೇ ತಿಂಗಳ ಮಳೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಯುಪಿಎಸ್ ಬ್ಯಾಟರಿ ಹಳೆಯದು. ಕರೆಂಟ್ ಹೋಗಿ ಬಂದು, ಹೋಗಿ ಬಂದು, ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸಿ ನಡೆಸುವ ರೇಡ್ ಕಾರ್ಡ್ ಸುಟ್ಟಿತು. ಸುಡುವ ಮುಂಚೆ ಡಿಸ್ಕ್‌ಗಳ ಮೇಲೆ ಏನೇನೋ ಬರೆದುಬಿಟ್ಟಿತ್ತು. ಹೋಲ್ಡಿಂಗ್ ಡಿಸ್ಕ್ ಎಲ್ಲಿತ್ತು ಗೊತ್ತಾ? ಅದೇ ರೇಡ್ ಮೇಲೆ, ಇನ್ನೊಂದು ಪಾರ್ಟಿಶನ್‌ನಲ್ಲಿ. ಜಾಗ ಉಳಿದಿತ್ತು ಅಂತ ನಾನೇ ಅಲ್ಲಿ ಮಾಡಿದ್ದೆ. ಮೂಲ ಡೇಟಾನೂ ಹೋಯಿತು, ಹನ್ನೊಂದು ದಿನದ ಬ್ಯಾಕಪ್ಪೂ ಹೋಯಿತು.

ಟೇಪ್‌ನಲ್ಲಿದ್ದ ಹಳೆಯ ಡೇಟಾ ವಾಪಸ್ ಬಂತು. ಹನ್ನೊಂದು ದಿನದ್ದು ಬರಲಿಲ್ಲ. ಅಲ್ಲಿ ಅಕೌಂಟ್ಸ್ ನೋಡುತ್ತಿದ್ದ ಅಕ್ಕ ಬೀರುವಿನಿಂದ ರಸೀದಿ ಪುಸ್ತಕಗಳನ್ನು ತೆಗೆದರು. ಕಾರ್ಬನ್ ಪ್ರತಿಗಳು. ನೀಲಿ ಅಕ್ಷರ, ಅರ್ಧ ಮಾಸಿದ್ದು. ಅವರು ಒಂದೊಂದು ಹಾಳೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ಅಂಕಿ ಓದುತ್ತಿದ್ದರು. ಪಕ್ಕದಲ್ಲಿ ಇಬ್ಬರು ಟೈಪ್ ಮಾಡುತ್ತಿದ್ದರು. ನಾನೂ ಒಬ್ಬ. 3 ಇರಬೇಕೋ 8 ಇರಬೇಕೋ ಗೊತ್ತಾಗದ ಕಡೆ ರಸೀದಿ ಪಡೆದವರಿಗೇ ಫೋನ್ ಮಾಡಿ ಕೇಳುತ್ತಿದ್ದರು. ನಾಲ್ಕು ದಿನ ಹಿಡಿಯಿತು. ಮೂರನೇ ದಿನ ಅವರು ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದರು: "ದಿನಾ ಬ್ಯಾಕಪ್ ಆಗ್ತಿತ್ತು ಅಂದ್ರಲ್ಲ ಸಾರ್, ಅದು ಎಲ್ಲಿಗೆ ಹೋಗ್ತಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ಎಲ್ಲಿಗೂ ಹೋಗಿರಲಿಲ್ಲ. ಹೊರಟಿತ್ತು, ದಾರಿಯಲ್ಲೇ ಕೂತಿತ್ತು.

ಆವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಸ್ಟೇಜಿಂಗ್ ಎಷ್ಟು ತುಂಬಿದೆ ಅಂತ ಅಳೆಯುವುದು ಎರಡನೆಯ ಮಾತು. ಅಲ್ಲಿರುವ ಅತಿ ಹಳೆಯ ಫೈಲ್‌ಗೆ ಎಷ್ಟು ವಯಸ್ಸಾಗಿದೆ ಅನ್ನುವುದು ಮೊದಲ ಮಾತು. ಹಾಲಿನ ವಿಷಯದಲ್ಲೂ ಹಾಗೇ ಅಲ್ವಾ? ಕೂಲರ್‌ನಲ್ಲಿ ನೂರು ಲೀಟರ್ ಇದೆಯೋ ಸಾವಿರ ಇದೆಯೋ, ಕೆಡುವುದು ಲೀಟರ್ ಲೆಕ್ಕದಲ್ಲಿ ಅಲ್ಲ, ಗಂಟೆ ಲೆಕ್ಕದಲ್ಲಿ.

ಇದನ್ನು ನೋಡಲು ದೊಡ್ಡ ಸಾಫ್ಟ್‌ವೇರ್ ಬೇಡ. ಲಿನಕ್ಸ್‌ನ ಫೈಂಡ್ ಕಮಾಂಡ್ ಸಾಕು. ಒಂದು ಎಚ್ಚರ ಹೇಳುತ್ತೇನೆ. ಎಂಟೈಮ್ ಪ್ಲಸ್ 1 (-mtime +1) ಅಂತ ಕೊಟ್ಟರೆ 24 ಗಂಟೆ ದಾಟಿದ್ದು ಬರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಬರಲ್ಲ. ಫೈಂಡ್ ಪೂರ್ತಿ ದಿನಗಳನ್ನಷ್ಟೇ ಎಣಿಸುತ್ತದೆ. ಹಾಗಾಗಿ 48 ಗಂಟೆ ಆದ ಮೇಲೆಯೇ ಅದು ಬಾಯಿ ಬಿಡುತ್ತದೆ. ನಾನು ನಿಮಿಷದ ಲೆಕ್ಕ ಬಳಸುತ್ತೇನೆ. ಎಂಮಿನ್ ಪ್ಲಸ್ 1800 (-mmin +1800), ಅಂದರೆ 30 ಗಂಟೆ. ಸ್ಟೇಜಿಂಗ್‌ನಲ್ಲಿ 30 ಗಂಟೆ ದಾಟಿದ ಒಂದೇ ಒಂದು ಫೈಲ್ ಇದ್ದರೂ ನನಗೆ ಫೋನ್ ಬರಬೇಕು. ಡಿಸ್ಕ್ 2 ಪರ್ಸೆಂಟ್ ತುಂಬಿದ್ದರೂ ಸರಿಯೇ.

ದೊಡ್ಡ ಸಾಫ್ಟ್‌ವೇರ್‌ಗಳೂ ಇಲ್ಲಿ ನಿಮ್ಮನ್ನು ದಾರಿ ತಪ್ಪಿಸಬಹುದು. ಐಬಿಎಂನ ಟಿಎಸ್‌ಎಂ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ನೋಡಿ. ಈಗ ಅದರ ಹೆಸರು ಸ್ಟೋರೇಜ್ ಪ್ರೊಟೆಕ್ಟ್. ಡಿಸ್ಕ್ ಪೂಲ್ 90 ಪರ್ಸೆಂಟ್ ಮುಟ್ಟಿದರೆ ಟೇಪ್‌ಗೆ ಸಾಗಿಸಲು ಶುರು, 70ಕ್ಕೆ ಇಳಿದರೆ ನಿಲ್ಲಿಸು, ಇದು ಅದರ ಡೀಫಾಲ್ಟ್. ದೊಡ್ಡ ಬ್ಯಾಂಕಿಗೆ ಇದರಲ್ಲಿ ಅರ್ಥ ಇದೆ. ಹೊಸ ಡೇಟಾ ಡಿಸ್ಕ್‌ನಲ್ಲೇ ಇದ್ದರೆ ವಾಪಸ್ ತರುವುದು ಬೇಗ ಆಗುತ್ತದೆ. ಸಣ್ಣ ಕಚೇರಿಯಲ್ಲಿ ದೊಡ್ಡ ಡಿಸ್ಕ್ ಹಾಕಿದರೆ 90 ಮುಟ್ಟಲು ತಿಂಗಳೇ ಬೇಕಾಗಬಹುದು. ಅಲ್ಲಿಯವರೆಗೆ ಟೇಪ್‌ಗೆ ಏನೂ ಹೋಗಿರಲ್ಲ. ಅದಕ್ಕೇ ಅನುಭವ ಇರುವವರು ದಿನಕ್ಕೊಮ್ಮೆ ಕೆಳಗಿನ ಮಿತಿಯನ್ನು ಸೊನ್ನೆಗೆ ಇಟ್ಟು ಎಲ್ಲವನ್ನೂ ಕಳಿಸಿಬಿಡುತ್ತಾರೆ.

ಬ್ಯಾಕ್ಯುಲಾ ಅನ್ನುವ ಇನ್ನೊಂದು ಬ್ಯಾಕಪ್ ಸಾಫ್ಟ್‌ವೇರ್ ಬಳಸುವವರು ಇಲ್ಲಿ ಕೆಲವರು ಇದ್ದೀರಿ. ನಿಮ್ಮದು ಬೇರೆ ಕಥೆ. ವ್ಯತ್ಯಾಸ ಸರಿಯಾಗಿ ತಿಳಿದುಕೊಳ್ಳಿ. ಅಮಾಂಡಾದಲ್ಲಿ ಹೋಲ್ಡಿಂಗ್ ಡಿಸ್ಕ್‌ಗೆ ಬಂದ ಡಂಪ್ ಒಂದು ಪೂರ್ತಿ ಬ್ಯಾಕಪ್. ಅದರಿಂದಲೇ ಫೈಲ್ ವಾಪಸ್ ತೆಗೆಯಬಹುದು. ಬ್ಯಾಕ್ಯುಲಾದ ಸ್ಪೂಲ್ ಹಾಗಲ್ಲ. ಅದು ಬರೀ ಕೈ ಬದಲಿಸುವ ಜಾಗ. ಟೇಪ್‌ಗೆ ಹೋಗದಿದ್ದರೆ ಜಾಬ್ ಮುಗಿಯುವುದೇ ಇಲ್ಲ. ಜಾಬ್ ಕೆಟ್ಟರೆ ಸ್ಪೂಲ್‌ನಲ್ಲಿದ್ದದ್ದೂ ಹೋಯಿತು. ಕೇಳಲು ಕಠಿಣ ಅನ್ನಿಸುತ್ತದೆ. ನನಗೆ ಮಾತ್ರ ಆ ಕಠಿಣತೆ ಇಷ್ಟ. ಆಗಿದೆ ಅಂದರೆ ಟೇಪ್ ಮುಟ್ಟಿದೆ ಅಂತ, ಇಲ್ಲದಿದ್ದರೆ ಆಗಿಲ್ಲ. ಅಮಾಂಡಾ ದಯೆ ತೋರಿಸಿ ಬ್ಯಾಕಪ್ ಉಳಿಸಿಕೊಡುತ್ತದೆ. ಆ ದಯೆಯ ಜೊತೆಗೆ ದಿನಾ ನೋಡುವ ಜವಾಬ್ದಾರಿಯೂ ಬರುತ್ತದೆ.

ಇದರಿಂದಲೇ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಸ್ಟೇಜಿಂಗ್‌ಗೆ ರೇಡ್ 0 ಹಾಕಬಹುದಾ ಅಂತ ಕೇಳುತ್ತಾರೆ. ಎರಡು ಡಿಸ್ಕ್ ಜೋಡಿಸಿದರೆ ವೇಗ ಜಾಸ್ತಿ, ಒಂದು ಹೋದರೂ ಎಲ್ಲ ಹೋಯಿತು. ಬ್ಯಾಕ್ಯುಲಾದ ಸ್ಪೂಲ್‌ಗೆ ಧಾರಾಳವಾಗಿ ಹಾಕಿ. ಡಿಸ್ಕ್ ಸತ್ತರೆ ಆ ರಾತ್ರಿಯ ಜಾಬ್ ಮತ್ತೆ ಓಡಿಸಬೇಕು, ಅಷ್ಟೇ. ಅಮಾಂಡಾದ ಹೋಲ್ಡಿಂಗ್ ಡಿಸ್ಕ್‌ಗೆ ನಾನು ಹಾಕಲ್ಲ. ಟೇಪ್ ಕೈಕೊಟ್ಟ ದಿನಗಳಲ್ಲಿ ಹೊಸ ಬ್ಯಾಕಪ್ ಇರುವುದು ಅಲ್ಲಿ ಮಾತ್ರ.

ಎಲ್ಲಿ ಇಡಬೇಕು ಅನ್ನುವುದಕ್ಕೆ ನನ್ನ ಕಥೆಯೇ ಪಾಠ. ಮೂಲ ಡೇಟಾ ಇರುವ ರೇಡ್ ಮೇಲೆ ಬೇಡವೇ ಬೇಡ. ಬೇರೆ ಡಿಸ್ಕ್, ಸಾಧ್ಯವಾದರೆ ಬೇರೆ ಯಂತ್ರ, ಬೇರೆ ಯುಪಿಎಸ್ ಲೈನ್. ಸಿಸ್ಟಮ್‌ನ ಟೆಂಪ್ ಫೋಲ್ಡರ್‌ನಲ್ಲಂತೂ ಇಡಲೇಬೇಡಿ. ತಾತ್ಕಾಲಿಕ ಜಾಗ ಅನ್ನುವ ಮಾತು ಕೇಳಿ ಎಷ್ಟೋ ಜನ ಅಲ್ಲೇ ಇಡುತ್ತಾರೆ. ಈಗಿನ ಹಲವು ಲಿನಕ್ಸ್‌ಗಳಲ್ಲಿ ಆ ಫೋಲ್ಡರ್ ಇರುವುದೇ ಮೆಮೊರಿಯಲ್ಲಿ. ರೀಬೂಟ್ ಆದರೆ ಖಾಲಿ. ಡಿಸ್ಕ್ ಮೇಲೆ ಇದ್ದರೂ ಹಲವು ಕಡೆ ಲಿನಕ್ಸ್‌ನ ಸಿಸ್ಟಮ್‌ಡಿ ಅನ್ನುವ ವ್ಯವಸ್ಥೆ 10 ದಿನ ಹಳೆಯದನ್ನು ತಾನೇ ಗುಡಿಸಿ ಹಾಕುತ್ತದೆ. ನೀವು ಕೇಳಿಕೊಳ್ಳದೆಯೇ.

ಇನ್ನು ಎಷ್ಟು ಜಾಗ ಬೇಕು? ಇದಕ್ಕೆ ನಾನು ಟಿಬಿ ಲೆಕ್ಕದಿಂದ ಶುರು ಮಾಡಲ್ಲ. ಕ್ಯಾಲೆಂಡರ್ ತೆಗೆಯುತ್ತೇನೆ. ಟೇಪ್ ಬದಲಾಯಿಸುವವರು ಒಬ್ಬರೇ ಇರುವ ಕಚೇರಿಯಲ್ಲಿ ಅವರು ಸತತವಾಗಿ ಎಷ್ಟು ದಿನ ಬರದೆ ಇರಬಹುದು? ಎರಡನೇ ಶನಿವಾರ, ಭಾನುವಾರ, ಅದಕ್ಕೆ ಅಂಟಿಕೊಂಡು ಸೋಮವಾರ ಒಂದು ಹಬ್ಬ. ಮೂರು ರಾತ್ರಿ ಆಯಿತು. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆದಿರುವ ದಿನಗಳನ್ನು ಕೇಳಲೇಬೇಡಿ. ಮನೆ ತುಂಬ ನೆಂಟರು, ಊರಿನ ಅರ್ಧ ರಸ್ತೆ ಬಂದ್. ರಾತ್ರಿಗೆ 600 ಜಿಬಿ ಆದರೆ ಮೂರು ರಾತ್ರಿಗೆ 1.8 ಟಿಬಿ. ಇನ್ನೊಂದು ರಾತ್ರಿಯದ್ದು ಕೈಯಲ್ಲಿರಲಿ. ಮುಂದಿನ ವರ್ಷ ಡೇಟಾ ಬೆಳೆಯುತ್ತದೆ. ಮೂರು ಟಿಬಿ ಇಡಿ. ಆಗ ಆ ರಿಸರ್ವ್ ಸೆಟ್ಟಿಂಗ್ ಅನ್ನೂ ಇಳಿಸಬಹುದು. 30ಕ್ಕೆ ತಂದರೆ ಟೇಪ್ ಇಲ್ಲದ ರಾತ್ರಿಯೂ ಉಳಿದ ಜಾಗದಲ್ಲಿ ಪೂರ್ಣ ಬ್ಯಾಕಪ್ ತೆಗೆಯುತ್ತದೆ.

ಜಾಗ ಕಡಿಮೆ ಇದ್ದರೆ ಏನಾಗುತ್ತದೆ ಅಂತಲೂ ತಿಳಿದಿರಲಿ. ಒಂದು ದೊಡ್ಡ ಡಂಪ್ ಹೋಲ್ಡಿಂಗ್ ಡಿಸ್ಕ್‌ನಲ್ಲಿ ಹಿಡಿಯಲ್ಲ ಅಂದರೆ ಅಮಾಂಡಾ ಅದನ್ನು ನೇರವಾಗಿ ಟೇಪ್‌ಗೇ ಬರೆಯುತ್ತದೆ. ಅಂದರೆ ನಿಮ್ಮ ಅತಿ ದೊಡ್ಡ ಸರ್ವರ್, ಯಾವುದಕ್ಕೆ ಸ್ಟೇಜಿಂಗ್ ಎಲ್ಲಕ್ಕಿಂತ ಜಾಸ್ತಿ ಬೇಕಿತ್ತೋ ಅದೇ, ಮತ್ತೆ ಶೂ ಶೈನಿಂಗ್ ಮಾಡುತ್ತಾ ರಾತ್ರಿಯಿಡೀ ಡ್ರೈವ್ ಹಿಡಿದುಕೊಂಡು ಕೂರುತ್ತದೆ.

ಡಿಸ್ಕ್‌ನ ವೇಗದ ಬಗ್ಗೆ ಒಂದು ಮಾತು. ಮಾಮೂಲಿ ಹಾರ್ಡ್ ಡಿಸ್ಕ್ ಒಂದೇ ಕೆಲಸ ಮಾಡುವಾಗ ಸೆಕೆಂಡಿಗೆ 200 ಎಂಬಿ ಆಸುಪಾಸು ಕೊಡುತ್ತದೆ. ಐದು ಸರ್ವರ್ ಬರೆಯುತ್ತಿರುವಾಗಲೇ ಟೇಪ್ ಓದಲು ಶುರು ಮಾಡಿತು ಅಂದುಕೊಳ್ಳಿ. ಡಿಸ್ಕ್‌ನ ಹೆಡ್ ಅಲ್ಲಿಂದ ಇಲ್ಲಿಗೆ ಓಡಾಡಿ ಸುಸ್ತಾಗುತ್ತದೆ. ವೇಗ ಪಾತಾಳಕ್ಕೆ ಹೋಗುತ್ತದೆ. ಶೂ ಶೈನಿಂಗ್ ತಪ್ಪಿಸಲು ಹಾಕಿದ ಡಿಸ್ಕೇ ಶೂ ಶೈನಿಂಗ್‌ಗೆ ಕಾರಣ ಆಗುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಈ ಓಡಾಟ ಇರಲ್ಲ. ಆದರೆ ದಿನಾ ತುಂಬಿ ದಿನಾ ಅಳಿಸುವ ಕೆಲಸ ಇದು. ಬರೆಯುವ ಆಯಸ್ಸು ಜಾಸ್ತಿ ಇರುವ ಸರ್ವರ್ ದರ್ಜೆಯದ್ದನ್ನೇ ತಗೊಳ್ಳಿ. ಅಷ್ಟು ದುಡ್ಡಿಲ್ಲ ಅಂದರೆ ಎರಡು ಹಾರ್ಡ್ ಡಿಸ್ಕ್‌ಗಳನ್ನು ಬೇರೆ ಬೇರೆ ಹೋಲ್ಡಿಂಗ್ ಡಿಸ್ಕ್ ಅಂತ ಕೊಡಿ. ಡಂಪ್‌ಗಳು ಎರಡರಲ್ಲೂ ಹಂಚಿಹೋಗುತ್ತವೆ. ಅಮಾಂಡಾ ಡಂಪನ್ನು ತುಂಡು ತುಂಡಾಗಿ ಬರೆಯಬಲ್ಲದು. ಹಿಂದೆ ಒಂದು ಫೈಲ್ 2 ಜಿಬಿ ದಾಟುವ ಹಾಗಿರಲಿಲ್ಲ, ಆ ಕಾಲದಲ್ಲಿ ಬಂದ ಏರ್ಪಾಡು. ಒಂದು ಡಿಸ್ಕ್ ತುಂಬಿದರೆ ಅದೇ ಡಂಪ್‌ನ ಮುಂದಿನ ತುಂಡು ಇನ್ನೊಂದರ ಮೇಲೆ ಬೀಳುವುದಕ್ಕೆ ಈಗಲೂ ಉಪಯೋಗಕ್ಕೆ ಬರುತ್ತದೆ.

ಖಾಲಿ ಮಾಡಬೇಕು ಅಂದೆ. ಸರಿ, ಒಂದು ಸ್ಕ್ರಿಪ್ಟ್ ಬರೆದು ದಿನಾ ಅಳಿಸಿಬಿಡೋಣ ಅಂತ ಯಾರಾದರೂ ಅಂದುಕೊಂಡಿದ್ದರೆ ದಯವಿಟ್ಟು ಈ ಘಟನೆ ಕೇಳಿ. 2021ರ ಡಿಸೆಂಬರ್. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್. ಅದರ ಬ್ಯಾಕಪ್ ಸ್ಕ್ರಿಪ್ಟ್‌ನಲ್ಲಿ 10 ದಿನಕ್ಕಿಂತ ಹಳೆಯ ಲಾಗ್ ಫೈಲ್‌ಗಳನ್ನು ಅಳಿಸುವ ಒಂದು ಸಾಲಿತ್ತು. ಸಿಸ್ಟಮ್ ಪೂರೈಸಿದ್ದ ಕಂಪನಿಯವರು ಸ್ಕ್ರಿಪ್ಟ್ ತಿದ್ದಿದರು. ಹಳೆಯದು ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಹಾಕಿದರು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ಅನ್ನುವ ಪ್ರೋಗ್ರಾಮ್ ಅದನ್ನು ಪೂರ್ತಿ ಓದಿಟ್ಟುಕೊಂಡು ಓಡಿಸಲ್ಲ. ಓದುತ್ತಾ ಓದುತ್ತಾ ಓಡಿಸುತ್ತದೆ. ನಡುವಿನಿಂದ ಹೊಸ ಸ್ಕ್ರಿಪ್ಟ್ ಓದಲು ಶುರು ಮಾಡಿತು. ಫೋಲ್ಡರ್ ಹೆಸರು ಇರಬೇಕಾದ ವೇರಿಯಬಲ್ ಖಾಲಿ ಇತ್ತು. ಲಾಗ್ ಅಳಿಸಬೇಕಿದ್ದ ಫೈಂಡ್ ಕಮಾಂಡ್ ಸಂಶೋಧಕರ ಫೈಲ್‌ಗಳನ್ನೇ ಅಳಿಸಿತು. 77 ಟಿಬಿ. ಸುಮಾರು 3 ಕೋಟಿ 40 ಲಕ್ಷ ಫೈಲ್. 14 ಸಂಶೋಧನಾ ಗುಂಪುಗಳದ್ದು. ಅದರಲ್ಲಿ 4 ಗುಂಪುಗಳದ್ದು ಮತ್ತೆ ಸಿಗಲೇ ಇಲ್ಲ.

ಅದಕ್ಕೇ ಸ್ಟೇಜಿಂಗ್ ಖಾಲಿ ಮಾಡುವ ಕೆಲಸವನ್ನು ಬ್ಯಾಕಪ್ ಸಾಫ್ಟ್‌ವೇರ್‌ಗೇ ಬಿಡಿ. ಟೇಪ್‌ಗೆ ಹೋಗಿದ್ದು ಖಾತ್ರಿಯಾದ ಮೇಲೆ ಅದೇ ಅಳಿಸುತ್ತದೆ. ಅಮಾಂಡಾದಲ್ಲಿ ಆಟೋಫ್ಲಶ್ ಆನ್ ಮಾಡಿಟ್ಟರೆ ಹಿಂದೆ ಉಳಿದಿದ್ದನ್ನು ಮುಂದಿನ ರಾತ್ರಿ ತಾನೇ ಟೇಪ್‌ಗೆ ಕಳಿಸುತ್ತದೆ. ನಿಮ್ಮ ಕೈಯಿಂದ ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಬೇಡ. ನೀವು ಬರೆಯುವ ಸ್ಕ್ರಿಪ್ಟ್ ನೋಡಲಿ, ಕೂಗಲಿ. ಅಳಿಸುವುದು ಬೇಡ.

ಕೂಗಿದ್ದು ಕೇಳಿಸಿತಾ ಅಂತಲೂ ನೋಡಿಕೊಳ್ಳಿ. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿಯವರ ಡೇಟಾಬೇಸ್ ತಪ್ಪಿ ಅಳಿಸಿಹೋಯಿತು. ಬ್ಯಾಕಪ್ ಹುಡುಕಿದರೆ ಇರಲಿಲ್ಲ. ಡೇಟಾಬೇಸಿನದ್ದು ಒಂದು ವರ್ಷನ್, ಡಂಪ್ ತೆಗೆಯುವ ಪ್ರೋಗ್ರಾಮಿನದ್ದು ಇನ್ನೊಂದು. ಜಾಬ್ ದಿನಾ ಸೋಲುತ್ತಿತ್ತು. ಸೋತಿದೆ ಅಂತ ಮೇಲ್ ಕಳಿಸುತ್ತಲೂ ಇತ್ತು. ಆ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಯಾರೋ ಬೇರೆ ಕೆಲಸಕ್ಕೆ ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಒಂದು ಪ್ರತಿಯಿಂದ ಬಚಾವಾದರು. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದು ಎಲ್ಲರಿಗೂ ತಿಳಿಸಿದ್ದಾರೆ. ಅದು ಅವರ ದೊಡ್ಡತನ.

ಭದ್ರತೆ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಇಡೀ ಕಚೇರಿಯ ಡೇಟಾ ಒಂದೇ ಕಡೆ ರಾಶಿ ಬೀಳುವ ಜಾಗ ಇದು. ಆಸ್ಪತ್ರೆಯಾದರೆ ರೋಗಿಗಳ ವಿವರ, ಸಂಘವಾದರೆ ಸದಸ್ಯರ ಖಾತೆ. 2023ರಲ್ಲಿ ನಮ್ಮ ದೇಶದಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆಯೇ ಬಂದಿದೆ. ಬ್ಯಾಕಪ್ ಯೂಸರ್ ಬಿಟ್ಟು ಬೇರೆ ಯಾರೂ ಆ ಫೋಲ್ಡರ್ ತೆರೆಯುವ ಹಾಗಿರಬಾರದು. ಎನ್‌ಕ್ರಿಪ್ಟ್ ಮಾಡುವುದಾದರೆ ಸರ್ವರ್‌ನಿಂದ ಹೊರಡುವ ಮುಂಚೆಯೇ ಮಾಡಿ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸಾರ್, ಈಗ ಎಲ್ಲರೂ ಕ್ಲೌಡ್‌ಗೆ ಹಾಕ್ತಾರೆ. ಅಲ್ಲಿಗೂ ಇದೆಲ್ಲ ಬೇಕಾ?"

ಇನ್ನೂ ಜಾಸ್ತಿ ಬೇಕಮ್ಮ. ಲೆಕ್ಕ ನೋಡು. ಕಚೇರಿಯ ಲೈನ್ ಅಪ್‌ಲೋಡ್‌ಗೆ 100 ಎಂಬಿಪಿಎಸ್ ಇದೆ ಅಂದುಕೋ. ಸೆಕೆಂಡಿಗೆ 12.5 ಎಂಬಿ ಆಯಿತು. ಅದೇ 600 ಜಿಬಿ ಹೋಗಲು 13 ಗಂಟೆ ದಾಟುತ್ತದೆ. ರಾತ್ರಿ 9ಕ್ಕೆ ಶುರುವಾದರೆ ಬೆಳಿಗ್ಗೆ 10 ದಾಟಿದರೂ ಹೋಗುತ್ತಲೇ ಇರುತ್ತದೆ. ಅಷ್ಟು ಹೊತ್ತು ಕೆಲಸದ ಸರ್ವರ್‌ಗಳಿಗೆ ಹೊರೆ ಹಾಕಲು ಆಗಲ್ಲ. ರಾತ್ರಿಯೇ ಬೇಗ ಬೇಗ ಸ್ಟೇಜಿಂಗ್‌ಗೆ ತಂದುಕೊಂಡು, ಅಲ್ಲಿಂದ ನಿಧಾನಕ್ಕೆ ಮೇಲಕ್ಕೆ ಕಳಿಸಬೇಕು. ಟೇಪ್‌ನಲ್ಲಿ ಒಳಗೆ ಬರುವುದು ನಿಧಾನ, ಹೊರಗೆ ಹೋಗುವುದು ಜೋರು. ಕ್ಲೌಡ್‌ನಲ್ಲಿ ಅದು ತಿರುಗುಮುರುಗು. ಕೂಲರ್ ಅದೇ. ಅದರ ವಯಸ್ಸು ನೋಡುವ ಕೆಲಸವೂ ಅದೇ. ಲೈನ್ ಎರಡು ದಿನ ಹೋದರೆ ಅಲ್ಲೂ ಫೈಲ್‌ಗಳು ಕೂತಿರುತ್ತವೆ. ಸಾಫ್ಟ್‌ವೇರ್ ಮಾತ್ರ ಬ್ಯಾಕಪ್ ಆಗಿದೆ ಅಂತ ಹಸಿರು ತೋರಿಸುತ್ತಿರಬಹುದು.

ಈ ಉತ್ತರ ಹೇಳುತ್ತಿರುವಾಗ ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬರು ಮೊಬೈಲ್‌ನಲ್ಲಿ ಏನೋ ಮಾಡುತ್ತಿದ್ದರು. ಬೇಜಾರಾಗಿರಬೇಕು ಅಂದುಕೊಂಡೆ. ಮಾತು ಮುಗಿದ ಮೇಲೆ ನೇರ ನನ್ನ ಹತ್ತಿರ ಬಂದು ಪರದೆ ತೋರಿಸಿದರು. ಅವರ ಕಚೇರಿಯ ಸರ್ವರ್‌ಗೆ ಅಲ್ಲಿಂದಲೇ ಲಾಗಿನ್ ಆಗಿ ಆ ಫೈಂಡ್ ಕಮಾಂಡ್ ಕೊಟ್ಟಿದ್ದರು. ಅತಿ ಹಳೆಯ ಫೈಲ್‌ಗೆ 19 ದಿನ ಆಗಿತ್ತು. ಡಿಸ್ಕ್ 31 ಪರ್ಸೆಂಟ್.

"ಟೇಪ್ ಯಾರು ಹಾಕ್ತಾರೆ?" ಅಂತ ಕೇಳಿದೆ.

"ಹಾಕ್ತಿದ್ದ ಹುಡುಗ ಹೋದ ತಿಂಗಳು ಕೆಲಸ ಬಿಟ್ಟ ಸಾರ್" ಅಂದರು.

ಹೊರಗೆ ಟೀ, ಬಿಸ್ಕತ್ತು ಇಟ್ಟಿದ್ದರು. ಅವರು ಅದನ್ನು ಮುಟ್ಟದೆ ಬೈಕ್ ಹತ್ತಿ ಕಚೇರಿ ಕಡೆ ಹೊರಟರು.